ಅಜ್ಜಿ ಕಾಲದ ಮಿಕ್ಸಿ: ರಿಪೇರಿ ಮಾಡಿಸಲಾ, ಬಿಡಲಾ?

ಮಡಿಕೇರಿ ಮಳೆ:
ಮನೆಯಲ್ಲಿ ಅಜ್ಜಿ ಕಾಲದ ಪುಟ್ಟ ಮಿಕ್ಸಿ ಇದೆ. ಲೋಹದ ಮೈ, ಎತ್ತಿದರೆ ಕೈ ಜಗ್ಗುವಷ್ಟು ಭಾರ. ಪಂದಿ ಕರಿಗೆ ಹುರಿದ ಜೀರಿಗೆ, ಮೆಣಸು ಎಲ್ಲ ಅದರಲ್ಲೇ ಪುಡಿ ಮಾಡುತ್ತಿದ್ದೆವು. ಈ ಮಳೆಗಾಲದಲ್ಲಿ ಕಿಡಿ ಹಾರಿಸಿ ನಿಂತುಬಿಟ್ಟಿದೆ. ಎರಡು ವರ್ಷದ ಹಿಂದೆ ತಂದ ಹೊಸದು ಆಗಲೇ ಗುಜರಿ ಸೇರಿತು, ಹಾಗಾಗಿ ಇದನ್ನು ಬಿಡಲು ಮನಸ್ಸಿಲ್ಲ. ಏನು ಮಾಡಲಿ?

ಗೋಣಿಕೊಪ್ಪದವ:
ಬಿಸಾಡಬೇಡಿ! ಕಾರ್ಬನ್ ಬ್ರಷ್ ಸವೆದಿರಬಹುದು. ಎರಡು ಪುಟ್ಟ ಇಂಗಾಲದ ತುಂಡು, ಮೋಟರಿನಲ್ಲಿ ತಿರುಗುವ ತಾಮ್ರದ ಭಾಗಕ್ಕೆ (ಕಮ್ಯುಟೇಟರ್) ಸ್ಪ್ರಿಂಗ್ ಅವನ್ನು ಒತ್ತಿ ಹಿಡಿದಿರುತ್ತದೆ, ಸವೆದು ಗಿಡ್ಡವಾದರೆ ಕಿಡಿ ಜಾಸ್ತಿ. ಅಗ್ಗದ ಸಾಮಾನು. ಹಳೆಯದಕ್ಕೆ ಸ್ಕ್ರೂ ಬಿಚ್ಚಿದರೆ ಸಾಕು, ಈಗಿನ ಕೆಲವನ್ನು ಒಡೆದೇ ತೆಗೆಯಬೇಕು.

ಕಾಫಿ ತೋಟ:
ಲೋಹದ ಮೈ ಅಂದರೆ ಮೊದಲು ಅರ್ಥಿಂಗ್, ಅಂದರೆ ಮೈಗೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವೈರ್, ಇದೆಯಾ ನೋಡಿ. ನಮ್ಮ ಮಳೆಗಾಲದ ಥಂಡಿಗೆ ಹಳೇ ವೈರ್ ನಂಬುವ ಹಾಗಿಲ್ಲ, ನನಗೆ ಒಮ್ಮೆ ಸರಿಯಾಗೇ ಹೊಡೆದಿದೆ. ಮತ್ತೆ, ಹಳೇದೆಲ್ಲ ಗಟ್ಟಿ ಅನ್ನುವುದನ್ನು ನಾನು ಒಪ್ಪಲ್ಲ. ಕೆಟ್ಟವು ಯಾವತ್ತೋ ಗುಜರಿಗೆ ಹೋಗಿವೆ, ಉಳಿದವು ಮಾತ್ರ ಕಣ್ಣಿಗೆ ಬೀಳುತ್ತವೆ ಅಲ್ವಾ?

ಮಡಿಕೇರಿ ಮಳೆ:
ಬಿಚ್ಚಿ ನೋಡಿದೆ ಅಣ್ಣಾ. ಒಂದು ಬ್ರಷ್ ಉಗುರಿನಷ್ಟೂ ಉಳಿದಿಲ್ಲ. ಪ್ಲಗ್‌ಗೆ ಎರಡೇ ಪಿನ್, ಅರ್ಥಿಂಗ್ ಪಿನ್ನೇ ಇಲ್ಲ! ಮೂರು ಪಿನ್ನಿನ ವೈರೂ ಹಾಕಿಸುತ್ತೇನೆ.