ಮಗಳ ಹೊಟ್ಟೆಗೆ ಟ್ಯೂಬ್ ಹಾಕಿಸಬೇಕಂತೆ. ಹಾಕಿಸಿದವರು ಯಾರಾದರೂ ಇದ್ದೀರಾ?

ಕುಮಟಾದ ಅಮ್ಮ:

ಎಲ್ಲರಿಗೂ ನಮಸ್ಕಾರ. ಮಗಳಿಗೆ ಎರಡೂವರೆ ವರ್ಷ. ಹಾಲು, ಮೊಟ್ಟೆ, ಗೇರುಬೀಜ, ಮೀನು ಯಾವುದೂ ಆಗುವುದಿಲ್ಲ. ಹಾಲು ಬಾಯಿಗೆ ತಾಗಿದರೆ ಸಾಕು, ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟುತ್ತದೆ. ಇದರ ಮೇಲೆ ಅನ್ನನಾಳದಲ್ಲೂ ಅಲರ್ಜಿಯ ಊತ ಇದೆ ಅಂತ ಎಂಡೋಸ್ಕೋಪಿಯಲ್ಲಿ, ಅಂದರೆ ಬಾಯಿಯಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿದಾಗ, ಗೊತ್ತಾಯಿತು. ಇಸಿನೋಫಿಲಿಕ್ ಈಸೊಫಜೈಟಿಸ್ ಅಂತ ಹೆಸರು. ನುಂಗಲಿಕ್ಕೆ ನೋವು. ಗಂಜಿಯನ್ನೂ ಕೆನ್ನೆಯಲ್ಲಿ ತುಂಬಿಕೊಂಡು ನನ್ನ ಮುಖ ನೋಡುತ್ತಾ ಕೂರುತ್ತಾಳೆ. ತೂಕ 9 ಕೆಜಿಯಲ್ಲೇ ನಿಂತಿದೆ.

ಈಗ ಮೂಗಿನ ಟ್ಯೂಬಿನಲ್ಲಿ ಅಮೈನೋ ಆಸಿಡ್ ಫಾರ್ಮುಲಾ (ಹಾಲಿನ ಪ್ರೋಟೀನು ಇಲ್ಲದ, ಅಲರ್ಜಿ ಇರುವ ಮಕ್ಕಳಿಗೆ ಕೊಡುವ ಆಹಾರ) ಕೊಡುತ್ತಿದ್ದೇವೆ. ಇದು ತುಂಬಾ ತಿಂಗಳು ಬೇಕಾಗಬಹುದು, ಹೊಟ್ಟೆಗೇ ಟ್ಯೂಬ್ ಹಾಕುವುದು ಒಳ್ಳೆಯದು ಅಂತ ಡಾಕ್ಟರು ಹೇಳಿದ್ದಾರೆ. ಹಾಕಿಸಿದರೆ ಬಾಯಲ್ಲಿ ತಿನ್ನುವುದನ್ನೇ ಮರೆತುಬಿಡುತ್ತಾಳಾ? ನನಗೆ ಇರುವ ದೊಡ್ಡ ಹೆದರಿಕೆ ಅದೇ.

ಇನ್ನೊಂದು, ರಾತ್ರಿ ಟ್ಯೂಬ್ ಕಿತ್ತು ಬಂದರೆ? ನಾವು ತೋರಿಸುವುದು ಮಣಿಪಾಲದಲ್ಲಿ. ಕಾರವಾರದ ಆಸ್ಪತ್ರೆ ಹತ್ತಿರ ಹೌದು, ಆದರೆ 2024ರ ಜುಲೈಯಲ್ಲಿ ಆ ದಾರಿಯಲ್ಲೇ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾದದ್ದು ಇನ್ನೂ ಕಣ್ಣಮುಂದಿದೆ. ಮಳೆಗಾಲದಲ್ಲಿ ಯಾವ ರಸ್ತೆಯನ್ನು ನಂಬುವುದು ಹೇಳಿ.

ಬಂಗಡೆ ಸಾರು ಕುದಿಯುವಾಗ ಆ ಹಬೆಗೇ ಅವಳಿಗೆ ಕೆಮ್ಮು ಶುರುವಾಗುತ್ತದೆ. ಅದಕ್ಕೆ ಮನೆಯಲ್ಲಿ ಮೀನು ಮಾಡುವುದನ್ನೇ ನಿಲ್ಲಿಸಿದ್ದೇವೆ. ಮಾವನವರು ಒಂದು ಮಾತೂ ಆಡಲಿಲ್ಲ. ಆದರೆ ಬಂದ ನೆಂಟರೆಲ್ಲ "ಆಡಿನ ಹಾಲು ಕೊಟ್ಟು ನೋಡು" ಅಂತಾರೆ. ಅವರಿಗೆ ಏನು ಹೇಳಲಿ?

ಶಿರಸಿಯಿಂದ ಒಬ್ಬರು:

ತಂಗಿ, ನನ್ನ ಮಗನಿಗೂ ಇದೇ ಕಾಯಿಲೆ. ಮೂರು ವರ್ಷಕ್ಕೆ ಹೊಟ್ಟೆಗೆ ಟ್ಯೂಬ್ ಹಾಕಿಸಿದ್ದು, ಈಗ ಶಾಲೆಗೆ ಹೋಗುತ್ತಾನೆ. ತಿನ್ನುವುದನ್ನು ಮರೆಯಲಿಲ್ಲ. ಮೂಗಿನ ಟ್ಯೂಬ್ ಇದ್ದಾಗ ಗಂಟಲಲ್ಲಿ ಸದಾ ಏನೋ ಕಚ್ಚಿಕೊಂಡ ಹಾಗೆ ಆಗಿ ಬಾಯಿ ತೆರೆಯಲಿಕ್ಕೇ ಒಪ್ಪುತ್ತಿರಲಿಲ್ಲ. ಅದು ಹೋದ ಮೇಲೆ ಅವನಾಗಿಯೇ ಬಟ್ಟಲಿಗೆ ಕೈ ಹಾಕಿದ. ನಾವು ಊಟಕ್ಕೆ ಕೂತಾಗಲೆಲ್ಲ ಅವನನ್ನೂ ಕೂರಿಸಿಕೊಳ್ಳುತ್ತಿದ್ದೆವು. ಡಾಕ್ಟರು ಒಪ್ಪಿದ ಸಿಹಿಗುಂಬಳ ಬೇಯಿಸಿ ಮುಂದಿಡುತ್ತಿದ್ದೆ. ಮುಟ್ಟಲಿ, ನೆಕ್ಕಲಿ, ನೆಲಕ್ಕೆ ಬಳಿಯಲಿ, ತಿನ್ನು ಅಂತ ಒಂದು ಸಲವೂ ಒತ್ತಾಯ ಮಾಡಲಿಲ್ಲ. ಹೊಟ್ಟೆ ಹೇಗೂ ತುಂಬಿರುತ್ತದೆ, ಅಲ್ವಾ? ಊಟದ ಹೊತ್ತಿನ ಜಗಳವೇ ನಿಂತುಹೋಯಿತು. ಊತ ಇಳಿದ ಮೇಲೆ ಒಂದೊಂದೇ ಆಹಾರ ಸೇರಿಸಿ, ಮತ್ತೆ ಎಂಡೋಸ್ಕೋಪಿ ಮಾಡಿ ನೋಡುತ್ತಾರೆ. ನಿಧಾನ ಆಗುತ್ತದೆ, ಆದರೆ ಆಗುತ್ತದೆ.

ಟ್ಯೂಬ್ ಕಿತ್ತು ಬರುವುದರ ಬಗ್ಗೆ ಡಿಸ್ಚಾರ್ಜ್ ಆಗುವ ಮೊದಲೇ ಬಿಡಿಸಿ ಕೇಳಿ. ತೂತು ಕೆಲವೇ ಗಂಟೆಗಳಲ್ಲಿ ಮುಚ್ಚಿಕೊಳ್ಳಲಿಕ್ಕೆ ಶುರುವಾಗುತ್ತದೆ. ಮೊದಲ ವಾರಗಳಲ್ಲಿ ಮನೆಯಲ್ಲಿ ವಾಪಸ್ ಹಾಕಲಿಕ್ಕೆ ಹೋಗಲೇಬಾರದು, ನೇರ ಆಸ್ಪತ್ರೆಗೆ. ಗಾಯ ಪೂರ್ತಿ ಮಾಗಿದ ಮೇಲೆ ಹಾಕುವುದನ್ನು ನಮಗೆ ಕಲಿಸಿಕೊಟ್ಟರು. ಇನ್ನೊಂದು ಟ್ಯೂಬ್ ಯಾವಾಗಲೂ ಬ್ಯಾಗಿನಲ್ಲಿ ಇರುತ್ತದೆ.

ಕಾರವಾರದ ನರ್ಸ್:

ಮೇಡಂ, ನೆಂಟರಿಗೆ ಹೀಗೆ ಹೇಳಿ: ದನದ ಹಾಲಿನ ಪ್ರೋಟೀನು, ಆಡಿನ ಹಾಲಿನ ಪ್ರೋಟೀನು ಹೆಚ್ಚುಕಮ್ಮಿ ಒಂದೇ. ದನದ ಹಾಲಿನ ಅಲರ್ಜಿ ಇರುವ ಬಹುಪಾಲು ಮಕ್ಕಳಿಗೆ ಆಡಿನ ಹಾಲೂ ಆಗುವುದಿಲ್ಲ. ಪ್ರಸಾದ ಅಂತ ಪಂಚಾಮೃತವನ್ನು ಯಾರೂ ನಾಲಿಗೆಗೆ ಹಚ್ಚದ ಹಾಗೆ ನೋಡಿಕೊಳ್ಳಿ.

ಮೂಗಿನ ಟ್ಯೂಬ್ ಇರುವಷ್ಟು ದಿನ ಪ್ರತಿ ಸಲ ಕೊಡುವ ಮೊದಲು ಸಿರಿಂಜಿನಿಂದ ಟ್ಯೂಬಿನೊಳಗಿನ ರಸ ಸ್ವಲ್ಪ ಎಳೆದು ಪಿಎಚ್ ಪಟ್ಟಿಗೆ (ಹುಳಿ ಎಷ್ಟಿದೆ ಅಂತ ತೋರಿಸುವ ಕಾಗದ) ಹಾಕಿ, ಟ್ಯೂಬಿನ ತುದಿ ಹೊಟ್ಟೆಯಲ್ಲೇ ಇದೆಯಾ ಅಂತ ನೋಡಿ. 5.5 ಅಥವಾ ಅದಕ್ಕಿಂತ ಕಮ್ಮಿ ಬಂದರೆ ಮಾತ್ರ ಕೊಡಿ. ಕೊಡುವಾಗ ಮಗು ಕೆಮ್ಮಿದರೆ, ಮುಖದ ಬಣ್ಣ ಬದಲಾದರೆ ಕೂಡಲೇ ನಿಲ್ಲಿಸಿ.

ಅಡ್ರಿನಲಿನ್, ಅಂದರೆ ಅಲರ್ಜಿಯಿಂದ ಉಸಿರು ಕಟ್ಟಿದಾಗ ಕೊಡುವ ಇಂಜೆಕ್ಷನ್, ಮನೆಯಲ್ಲಿ ಇದೆಯಾ? ನೀವು ಅದರ ಬಗ್ಗೆ ಏನೂ ಬರೆದಿಲ್ಲ, ಅದಕ್ಕೇ ಕೇಳುತ್ತಿದ್ದೇನೆ. ಪೆನ್ ಥರದ ಇಂಜೆಕ್ಷನ್ ನಮ್ಮ ಕಡೆ ಸುಲಭಕ್ಕೆ ಸಿಗುವುದಿಲ್ಲ. 1 ಮಿಲಿಗೆ 1 ಮಿಗ್ರಾಂ ಇರುವ ಆಂಪೂಲ್ (ಔಷಧಿ ತುಂಬಿದ ಪುಟ್ಟ ಗಾಜಿನ ಶೀಶೆ) ಮತ್ತು 1 ಮಿಲಿ ಸಿರಿಂಜ್ ಇಟ್ಟುಕೊಳ್ಳಬೇಕು. ಲೆಕ್ಕ ಕೆಜಿಗೆ 0.01 ಮಿಗ್ರಾಂ, ಅಂದರೆ 9 ಕೆಜಿ ಮಗುವಿಗೆ 0.09 ಮಿಲಿ. ಆದರೂ ಡೋಸನ್ನು ನಿಮ್ಮ ಡಾಕ್ಟರ ಕೈಯಲ್ಲೇ ಬರೆಸಿ ಡಬ್ಬಿಗೆ ಅಂಟಿಸಿ, ಸಿರಿಂಜಿಗೆ ಎಳೆಯುವುದನ್ನು ಅವರ ಎದುರೇ ಕಲಿಯಿರಿ. ಕೊಡುವುದು ತೊಡೆಯ ಹೊರಬದಿಯ ಸ್ನಾಯುವಿಗೆ. ಕೊಟ್ಟು 108ಕ್ಕೆ ಫೋನ್ ಮಾಡಿ. ಐದು ನಿಮಿಷದಲ್ಲಿ ಸುಧಾರಿಸದಿದ್ದರೆ ಇನ್ನೊಂದು ಡೋಸ್ ಬೇಕಾಗಬಹುದು, ಅದನ್ನೂ ಬರೆಸಿಕೊಳ್ಳಿ. ಉಸಿರು ಕಟ್ಟುವಾಗ ಅಲರ್ಜಿ ಸಿರಪ್ ಕುಡಿಸುತ್ತಾ ಕೂತರೆ ಆಗುವುದಿಲ್ಲ. ಆಂಪೂಲನ್ನು ಬಿಸಿಲು, ಸೆಕೆ ತಾಗದ ಜಾಗದಲ್ಲಿ ಇಡಿ.

ಕುಮಟಾದ ಅಮ್ಮ:

ಇಬ್ಬರಿಗೂ ಕೈ ಮುಗಿಯುತ್ತೇನೆ. ಆಂಪೂಲ್ ಇದೆ. ಆದರೆ ಕೊಡುವುದು ಗೊತ್ತಿರುವುದು ನನಗೊಬ್ಬಳಿಗೇ. ಮುಂದಿನ ಸಲ ಅತ್ತೆಯನ್ನೂ ಕರೆದುಕೊಂಡು ಹೋಗಿ ಕಲಿಸಿಕೊಂಡು ಬರುತ್ತೇನೆ. ಟ್ಯೂಬಿಗೆ ಒಪ್ಪೋಣ ಅಂತ ಮನೆಯವರೂ ಅಂದರು. ಶಿರಸಿ ಅಕ್ಕ, ಒಂದು ಕೇಳಲಿಕ್ಕಿತ್ತು. ಇವಳು ಬೋರಲು ಮಲಗುತ್ತಾಳೆ, ಬೇರೆ ಥರ ನಿದ್ದೆಯೇ ಬರುವುದಿಲ್ಲ. ನಿಮ್ಮ ಮಗ?

ಶಿರಸಿಯಿಂದ ಒಬ್ಬರು:

ಅವನೂ ಬೋರಲೇ. ಮೊದಲು ಸ್ವಲ್ಪ ದಿನ ಮಗ್ಗುಲಿಗೆ ದಿಂಬು ಕೊಟ್ಟು ತಡೆದೆವು. ಗಾಯ ಒಣಗಿದ ಮೇಲೆ ಡಾಕ್ಟರೇ ಪರವಾಗಿಲ್ಲ ಅಂದರು. ಟ್ಯೂಬಿನ ತುದಿ ಸಿಕ್ಕಿಕೊಳ್ಳದ ಹಾಗೆ ಮೇಲಿಂದ ಮೈಗಂಟುವ ಬನಿಯನ್ ಹಾಕು. ಆಪರೇಷನ್ ದಿನ ಗೊತ್ತಾದರೆ ಇಲ್ಲೇ ತಿಳಿಸು, ಏನೇನು ತೆಗೆದುಕೊಂಡು ಹೋಗಬೇಕು ಅಂತ ಬರೆದು ಕಳಿಸುತ್ತೇನೆ.