ಪ್ರಣವ್, ಮೊದಲು ಬೆನ್ನ ಕೆಳಗಿನದು ನೋಡು

ಪ್ರಣವ್, ನಿನ್ನ ಮೆಸೇಜ್ ನಿನ್ನೆ ರಾತ್ರಿಯೇ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಇದು ಮುಗಿಯೋದಿಲ್ಲ, ಅದಕ್ಕೆ ವಾಯ್ಸ್‌ನಲ್ಲೇ ಹೇಳುತ್ತಿದ್ದೇನೆ. ಉದ್ದ ಆಗುತ್ತದೆ, ಬೇಡವಾದವರು ಓಡಿಸಿಕೊಂಡು ಹೋಗಿ. ಅಕ್ಕಾ, ನೀನು ಮಾತ್ರ ಪೂರ್ತಿ ಕೇಳು. ಹುಡುಗನ ಜೊತೆ ಕೌದಿ ಕಳಿಸುತ್ತೇನೆ ಅಂತ ಹೊರಟಿರುವವಳು ನೀನೇ ಅಲ್ವಾ.

ಗುಂಪಿನಲ್ಲಿ ಉಳಿದವರಿಗೆ ವಿಷಯ ಏನಂದರೆ, ಡಿಸೆಂಬರ್ ಕೊನೆಗೆ ಇವನು ಡೊಂಬಿವಲಿ ಗೆಳೆಯರ ಜೊತೆ ಸಹ್ಯಾದ್ರಿಯ ಗಡಗಳಿಗೆ ಚಾರಣ, ಒಂದು ರಾತ್ರಿ ರಾಜಮಾಚಿ, ಮಾರನೇ ರಾತ್ರಿ ಹರಿಶ್ಚಂದ್ರಗಡ ಅಂತ ಹೊರಟಿದ್ದಾನೆ. ಆನ್‌ಲೈನ್‌ನಲ್ಲಿ ನೈಲಾನ್ ಹ್ಯಾಮಕ್ ತರಿಸಿದ್ದಾನೆ, ಎರಡು ಮರದ ನಡುವೆ ಕಟ್ಟಿ ಮಲಗುವ ಜೋಲಿ ಅದು. ಈಗ ಮೈನಸ್ 5 ಡಿಗ್ರಿ ಅಂತ ಬರೆದಿರುವ ಸ್ಲೀಪಿಂಗ್ ಬ್ಯಾಗ್ ತಗೊಂಡರೆ ಸಾಕಾ ಅಂತ ಕೇಳುತ್ತಿದ್ದಾನೆ.

ಸಾಕಾಗಲ್ಲ ಕಣೋ. ಮೈನಸ್ 15 ತಂದರೂ ಸಾಕಾಗಲ್ಲ. ಯಾಕೆ ಅಂತ ಕೇಳು. ಸ್ಲೀಪಿಂಗ್ ಬ್ಯಾಗ್ ತಾನಾಗಿ ಬಿಸಿ ಕೊಡುವುದಿಲ್ಲ. ಅದರೊಳಗಿನ ಹತ್ತಿಯಂಥ ನೂಲು ಉಬ್ಬಿಕೊಂಡು ಗಾಳಿ ಹಿಡಿದಿಡುತ್ತದೆ, ಆ ನಿಂತ ಗಾಳಿಯೇ ನಿನ್ನ ಮೈಶಾಖ ಹೊರಗೆ ಹೋಗದಂತೆ ತಡೆಯೋದು. ನೀನು ಅದರ ಮೇಲೆ ಮಲಗಿದಾಗ ಬೆನ್ನ ಕೆಳಗಿನ ಭಾಗ ಅಪ್ಪಚ್ಚಿ ಆಗಿ ಬಟ್ಟೆ ಮಾತ್ರ ಉಳಿಯುತ್ತದೆ. ನೆಲದ ಮೇಲಾದರೆ ಕೆಳಗಿಂದ ಗಾಳಿಯಾದರೂ ಬರಲ್ಲ. ಹ್ಯಾಮಕ್‌ನಲ್ಲಿ ಬೆನ್ನಿಗೂ ಕಾಡಿನ ಗಾಳಿಗೂ ನಡುವೆ ಒಂದು ತೆಳು ನೈಲಾನ್. ಎದೆ ಬೆಚ್ಚಗಿರುತ್ತದೆ, ಬೆನ್ನು ಮತ್ತು ಅದರ ಕೆಳಗಿನದು ಐಸ್ ಆಗುತ್ತದೆ. ಹಿರಿಯರಿರುವ ಗುಂಪು, ಅಂಗದ ಹೆಸರು ಹೇಳುವುದಿಲ್ಲ. ಚಾರಣದವರು ಸಾಮಾನ್ಯವಾಗಿ 20 ಡಿಗ್ರಿಗಿಂತ ಕೆಳಗೆ ಇಳಿದರೆ ಹ್ಯಾಮಕ್ ಕೆಳಗೆ ಏನಾದರೂ ಬೇಕು ಅಂತಾರೆ. ಡಿಸೆಂಬರ್‌ನಲ್ಲಿ ನಮ್ಮ ಪುಣೆ ಊರೊಳಗೇ ಬೆಳಗಿನ ಜಾವ 10-12 ಇರುತ್ತದೆ. ಲೆಕ್ಕ ನೀನೇ ಹಾಕು.

ಅದಕ್ಕೇ ನಾನು ಹೇಳೋದು, ದುಡ್ಡು ಮೊದಲು ಕೆಳಗೆ ಹಾಕು, ಮಿಕ್ಕಿದ್ದು ಮೇಲೆ. ನೀನು ಮೊದಲು ಕೊಳ್ಳಬೇಕಾದ್ದು ಸ್ಲೀಪಿಂಗ್ ಬ್ಯಾಗ್ ಅಲ್ಲ, ಸುರುಳಿ ಸುತ್ತುವ ಫೋಮ್ ಮ್ಯಾಟ್. ಚಾರಣಿಗರ ಬ್ಯಾಗಿನ ಹೊರಗೆ ನೇತಾಡುತ್ತಿರುತ್ತದಲ್ಲ, ಅದೇ. ಕೆಲವು ನೂರು ರೂಪಾಯಿಗೆ ಸಿಗುತ್ತದೆ, ನೀರು ಹೀರುವುದಿಲ್ಲ, ಮುಳ್ಳು ಚುಚ್ಚಿದರೆ ಗಾಳಿ ಹೋಗುವ ಭಯ ಇಲ್ಲ. ಗಾಳಿ ತುಂಬುವ ಅಗ್ಗದ ಹಾಸಿಗೆ ತರಬೇಡ. ಅದರೊಳಗೆ ತಡೆ ಇಲ್ಲದ ಗಾಳಿ ಓಡಾಡಿಕೊಂಡೇ ತಣ್ಣಗಾಗುತ್ತದೆ, ಮೇಲೆ ಜಾರುವುದು ಬೇರೆ.

ಫೋಮ್ ಮ್ಯಾಟ್‌ಗೂ ಕಾಟ ಇದೆ. ಅಗಲ ಸಾಲುವುದಿಲ್ಲ. ಹ್ಯಾಮಕ್ ಎರಡೂ ಕಡೆಯಿಂದ ಭುಜವನ್ನು ಒತ್ತುತ್ತದೆ, ಅಲ್ಲಿ ಮ್ಯಾಟ್ ಇರುವುದಿಲ್ಲ, ಚಳಿ ಅಲ್ಲಿಂದಲೇ ನುಗ್ಗುತ್ತದೆ. ಹಳೆ ಯೋಗ ಮ್ಯಾಟ್ ಇದ್ದರೆ ಎರಡಡಿ ತುಂಡು ಕತ್ತರಿಸಿ ಭುಜದ ಹತ್ತಿರ ಅಡ್ಡ ಹಾಕಿಕೋ, ಮೇಲಿಂದ ನೋಡಿದರೆ ಅಧಿಕ ಚಿಹ್ನೆಯ ಥರ ಕಾಣಬೇಕು. ಮತ್ತೆ ಮ್ಯಾಟ್ ಜಾರದೆ ಇರಲು ಅದನ್ನು ಸ್ಲೀಪಿಂಗ್ ಬ್ಯಾಗ್ ಒಳಗೇ ತೂರಿಸಿಬಿಡು. ಎರಡು ಪದರದ ಹ್ಯಾಮಕ್ ಆದರೆ ಪದರಗಳ ನಡುವೆ ಇಡಬಹುದು. ನಿನ್ನದು ಒಂದೇ ಪದರ ಅಂತ ಫೋಟೋ ನೋಡಿದರೆ ಗೊತ್ತಾಗುತ್ತದೆ.

ಇನ್ನೊಂದು ದಾರಿ ಅಂಡರ್‌ಕ್ವಿಲ್ಟ್. ಹ್ಯಾಮಕ್‌ನ ಹೊರಗೆ, ಕೆಳಗಡೆ ತೂಗುವ ಹೊದಿಕೆ ಅದು. ಮೈಭಾರ ಅದರ ಮೇಲೆ ಬೀಳುವುದಿಲ್ಲ, ಹಾಗಾಗಿ ಉಬ್ಬಿಕೊಂಡೇ ಇರುತ್ತದೆ. ಮಲಗಲು ಇದಕ್ಕಿಂತ ಸುಖ ಇನ್ನೊಂದಿಲ್ಲ. ಆದರೆ ಇಲ್ಲಿ ಸುಲಭಕ್ಕೆ ಸಿಗಲ್ಲ, ಹೊರದೇಶದ್ದು ತರಿಸಿದರೆ ಕೈ ಸುಡುತ್ತದೆ. ನಾನು ನನ್ನದನ್ನು ಕೋಥ್ರೂಡ್‌ನಲ್ಲಿ ನಮ್ಮ ಟೇಲರ್ ಹತ್ತಿರ ಮಾಡಿಸಿಕೊಂಡೆ. ಹಳೆಯ ಸ್ಲೀಪಿಂಗ್ ಬ್ಯಾಗಿನ ಜಿಪ್ ಪೂರ್ತಿ ಬಿಚ್ಚಿ ಹರಡಿ, ನಾಲ್ಕೂ ಅಂಚು ಒಂದಿಂಚು ಮಡಚಿ ಹೊಲಿಸಿದೆ, ಲಂಗಕ್ಕೆ ಲಾಡಿ ಹಾಕಲು ನೇಫಾ ಬಿಡುತ್ತಾರಲ್ಲ ಹಾಗೆ. ಉದ್ದದ ಎರಡು ಅಂಚಿನಲ್ಲಿ ಎಲಾಸ್ಟಿಕ್ ದಾರ ತೂರಿಸಿ ಹ್ಯಾಮಕ್‌ನ ಎರಡೂ ತುದಿಗೆ ಸಿಕ್ಕಿಸೋದು. ತಲೆ ಮತ್ತು ಕಾಲಿನ ಕಡೆಯ ಅಂಚಿನಲ್ಲಿ ಇನ್ನೊಂದು ದಾರ, ಅದನ್ನು ಎಳೆದರೆ ಬಾಯಿ ಮುಚ್ಚುತ್ತದೆ. ಟೇಲರ್ ಮಾಮಾ ಇದು ಯಾವ ಪ್ರಾಣಿಗೆ ಅಂತ ಕೇಳಿದರು.

ಅದನ್ನು ಕಟ್ಟುವುದರಲ್ಲೇ ಎಲ್ಲ ಇದೆ. ನೀನು ಒಳಗೆ ಮಲಗಿದ ಮೇಲೆ ಗೆಳೆಯನಿಗೆ ಹ್ಯಾಮಕ್‌ಗೂ ಕ್ವಿಲ್ಟ್‌ಗೂ ನಡುವೆ ಕೈ ಹಾಕಿ ನೋಡು ಅನ್ನು. ಕೈ ಸಲೀಸಾಗಿ ಆಡಿದರೆ ಸಡಿಲ ಆಯಿತು, ಗಾಳಿ ಹರಿದುಕೊಂಡು ಹೋಗುತ್ತದೆ. ಕೈ ತೂರಿಸಲೇ ಆಗದಿದ್ದರೆ ಬಿಗಿ ಆಯಿತು, ಉಬ್ಬು ಸತ್ತಿದೆ. ಮೆತ್ತಗೆ ತಾಗಿಕೊಂಡಿರಬೇಕು, ಅಷ್ಟೇ.

ಆದರೂ ನಿನಗೆ ಈ ಸಲ ಮ್ಯಾಟೇ ಸರಿ. ಯಾಕಂದರೆ ನಿನ್ನ ಎರಡನೇ ರಾತ್ರಿ ಹ್ಯಾಮಕ್ ಕಟ್ಟಲು ಮರವೇ ಇಲ್ಲ! ಹರಿಶ್ಚಂದ್ರಗಡದ ಮೇಲೆ, ಅದೂ ಕೊಂಕಣಕಡಾ ಅನ್ನುವ ಕಡಿದಾದ ಬಂಡೆಯ ಅಂಚಿನಲ್ಲಿ ಏನಿದೆ? ಬೋಳು ಬಂಡೆ, ಹುಲ್ಲು, ಗಾಳಿ. ನಮ್ಮ ಸಹ್ಯಾದ್ರಿ ಗಡಗಳ ನೆತ್ತಿ ಹೆಚ್ಚಾಗಿ ಹೀಗೇ, ಕಪ್ಪು ಬಸಾಲ್ಟ್ ಕಲ್ಲು. ಹ್ಯಾಮಕ್ ಚಾರಣಕ್ಕೆ ಹೋಗುವವರು ಚಳಿ ಬಗ್ಗೆ ಕೇಳುತ್ತಾರೆ, ಮರ ಇದೆಯಾ ಅಂತ ಕೇಳುವುದೇ ಇಲ್ಲ. ಅಂಡರ್‌ಕ್ವಿಲ್ಟ್ ನೆಲದ ಮೇಲೆ ಹಾಸಿದರೆ ಏನೂ ಉಪಯೋಗ ಇಲ್ಲ. ಫೋಮ್ ಮ್ಯಾಟ್ ಆದರೆ ಮೊದಲ ರಾತ್ರಿ ಜೋತಾಡಿ, ಮಾರನೇ ರಾತ್ರಿ ನೆಲಕ್ಕೆ. ಮತ್ತೆ ಹರಿಶ್ಚಂದ್ರಗಡ ಕಳಸೂಬಾಯಿ-ಹರಿಶ್ಚಂದ್ರಗಡ ಅಭಯಾರಣ್ಯದೊಳಗೆ ಬರುತ್ತದೆ. ರಾತ್ರಿ ಉಳಿಯಲು ಈಗ ಏನು ನಿಯಮ ಅಂತ ಗಡದ ಬುಡದ ಪಾಚನಯಿ ಊರವರಿಗೆ ಮುಂಚೆಯೇ ಫೋನ್ ಮಾಡಿ ಕೇಳಿಕೊಳ್ಳಿ.

ಎತ್ತರದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ ಅಂತ ಪುಸ್ತಕದ ಮಾತು. ಪುಣೆ ಸುಮಾರು 560 ಮೀಟರ್, ಹರಿಶ್ಚಂದ್ರಗಡ 1,424. ಅಂದರೆ ಐದಾರು ಡಿಗ್ರಿ ಕಡಿಮೆ. ಆದರೆ ಇದು ರಾತ್ರಿ ಹೊತ್ತು ಹಾಗೇ ನಡೆಯುವುದಿಲ್ಲ. ಮೋಡ ಇಲ್ಲದ, ಗಾಳಿ ಇಲ್ಲದ ರಾತ್ರಿ ತಣ್ಣನೆ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಜಾರಿ ಕಣಿವೆಯ ತಳದಲ್ಲಿ ನಿಲ್ಲುತ್ತದೆ. ಹಳ್ಳದ ಪಕ್ಕ ಜಾಗ ಚೆಂದ ಕಾಣುತ್ತದೆ, ಬೆಳಗಿನ ಜಾವಕ್ಕೆ ಅಲ್ಲೇ ಎಲ್ಲಕ್ಕಿಂತ ಜಾಸ್ತಿ ಚಳಿ, ಇಬ್ಬನಿಯೂ ಅಲ್ಲೇ. ನೆತ್ತಿಯ ಮೇಲೆ ಗಾಳಿ ಹೊಡೆತ. ನಡುವಿನ ಇಳಿಜಾರಿನಲ್ಲಿ, ಮರ ದಟ್ಟ ಇರುವ ಕಡೆ ಜಾಗ ನೋಡಿ. ರಾಜಮಾಚಿಯಲ್ಲಿ ಉಧೇವಾಡಿ ಊರು ಹಾಗಿದೆ. ಶ್ರೀವರ್ಧನ, ಮನರಂಜನ ಎರಡೂ ಕೋಟೆಯ ಬುಡದಲ್ಲಿ. ಯಾರ ಮನೆಯಲ್ಲಿ ಊಟ ಹೇಳುತ್ತೀರೋ ಅವರನ್ನೇ ಕೇಳಿ ಅವರ ಹಿತ್ತಲ ಮರಕ್ಕೆ ಕಟ್ಟಿ. ದೇವರಾಯಿ ಅಂತ ದೇವರಿಗೆ ಬಿಟ್ಟ ಬನ ಕಂಡರೆ ಅಲ್ಲಿ ಬೇಡ, ನಮ್ಮ ಕಡೆ ನಾಗಬನದಲ್ಲಿ ಯಾರಾದರೂ ಹ್ಯಾಮಕ್ ಕಟ್ಟಿದರೆ ನಾವು ಸುಮ್ಮನಿರುತ್ತೀವಾ?

ಮರ ಅಂದರೆ ತೊಡೆಗಿಂತ ದಪ್ಪ ಇರಲಿ, ಜೀವಂತ ಇರಲಿ. ಮೇಲೆ ನೋಡು, ಒಣ ಕೊಂಬೆ ಇದ್ದರೆ ಬಿಟ್ಟುಬಿಡು. ನೀಲಗಿರಿ ಮರ ನಂಬಬೇಡ. ಮಾವಿನ ಮರ ಆದರೆ ಎಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆ ಇದೆಯಾ ನೋಡು. ಅವಕ್ಕೆ ನಿನ್ನ ಹಗ್ಗ ಅಂದರೆ ಹೆದ್ದಾರಿ. ಹೆಜ್ಜೇನು ಇದ್ದ ಕಡೆ ಹೊಗೆ ಎಬ್ಬಿಸಬೇಡಿ, ಸೆಂಟ್ ಹೊಡ್ಕೊಂಡು ಹೋಗಬೇಡಿ.

ಹ್ಯಾಮಕ್ ಜೊತೆ ಬಂದ ಸಣ್ಣ ಹಗ್ಗ ಬಟ್ಟೆ ಒಣಗಿಸಲು ಇಟ್ಟುಕೋ. ಅದು ತೊಗಟೆ ಕೊರೆಯುತ್ತದೆ. ಒಂದಿಂಚಿಗಿಂತ ಅಗಲದ ಪಾಲಿಯೆಸ್ಟರ್ ಪಟ್ಟಿ ತಗೋ. ನೈಲಾನ್ ಪಟ್ಟಿ ಭಾರಕ್ಕೆ ಹಿಗ್ಗುತ್ತದೆ, ಮಲಗುವಾಗ ಮೇಲಿದ್ದವನು ಏಳುವಾಗ ನೆಲದಲ್ಲಿರುತ್ತೀಯ. ಕೊಕ್ಕೆ ಕೀ ಬಂಚಿಗೆ ಹಾಕುವಂಥದ್ದಾಗಿದ್ದರೆ ಬದಲಾಯಿಸು. ಹ್ಯಾಮಕ್ ಮೇಲೆ 200 ಕೆಜಿ ಅಂತ ಬರೆದಿದ್ದರೆ ಅದು ಬಟ್ಟೆಗೆ, ಕೊಕ್ಕೆಗೂ ಅಷ್ಟೇ ಅಂತ ತಿಳ್ಕೋಬೇಡ.

ಎಲ್ಲರೂ ಮಾಡುವ ತಪ್ಪು ಬಿಗಿಯಾಗಿ ಕಟ್ಟೋದು. ಬಿಗಿ ಇದ್ದರೆ ಗಟ್ಟಿ ಅಂದುಕೊಳ್ಳುತ್ತಾರೆ. ಉಲ್ಟಾ. ಪಟ್ಟಿ ಅಡ್ಡಗೆರೆಯಿಂದ 30 ಡಿಗ್ರಿ ಇಳಿಜಾರಿನಲ್ಲಿದ್ದರೆ ಒಂದೊಂದು ಪಟ್ಟಿಯ ಮೇಲೂ ಹೆಚ್ಚುಕಡಿಮೆ ನಿನ್ನ ತೂಕದಷ್ಟೇ ಎಳೆತ. 75 ಕೆಜಿ ಅಂದುಕೋ. ಅದನ್ನೇ 10 ಡಿಗ್ರಿಗೆ ಬಿಗಿದರೆ ಎಳೆತ ಹತ್ತಿರ ಹತ್ತಿರ ಮೂರು ಪಟ್ಟು, 215 ಕೆಜಿ ದಾಟುತ್ತದೆ. 30 ಡಿಗ್ರಿ ಅಳೆಯಲು ಬೆರಳೇ ಸಾಕು. ತೋರುಬೆರಳು ಅಡ್ಡ ಚಾಚು, ಹೆಬ್ಬೆರಳು ನೆಟ್ಟಗೆ ಎತ್ತು. ಎರಡರ ತುದಿ ಕೂಡಿಸಿದರೆ ಬರುವ ಓರೆ ಗೆರೆಯೇ ಸುಮಾರು 30 ಡಿಗ್ರಿ. ಪಟ್ಟಿ ಆ ಗೆರೆಗೆ ಕೂತರೆ ಸರಿ.

ಮಲಗುವಾಗ ನಡುಗೆರೆಯ ಮೇಲೆ ಬಾಳೆಹಣ್ಣಾಗಬೇಡ, ಓರೆಯಾಗಿ ಮಲಗು, ತಲೆ ಒಂದು ಬದಿಗೆ, ಕಾಲು ಇನ್ನೊಂದು ಬದಿಗೆ. ಬೆನ್ನು ಸಪಾಟಾಗುತ್ತದೆ. ಇಬ್ಬರದ್ದು ಅಂತ ಮಾರುವ ಅಗಲದ ಹ್ಯಾಮಕ್ ನಿಜಕ್ಕೂ ಒಬ್ಬರಿಗೇ, ಆ ಅಗಲ ಬೇಕಾಗುವುದು ಇದಕ್ಕೆ. ಅಕ್ಕಾ, ಬಿದ್ದರೆ ಅಂತ ಕೇಳಿದ್ದೆಯಲ್ಲ, ಕೂತಾಗ ಕುರ್ಚಿಯ ಎತ್ತರಕ್ಕಿಂತ ಮೇಲೆ ಇರಬಾರದು. ಬಿದ್ದರೆ ಮಾನ ಹೋಗುತ್ತದೆ, ಮೂಳೆ ಹೋಗಲ್ಲ.

ಈಗ ಸ್ಲೀಪಿಂಗ್ ಬ್ಯಾಗ್. ಮೈನಸ್ 5 ಅಂತ ಹೊರಗೆ ದಪ್ಪಗೆ ಬರೆದಿರುತ್ತದೆ. ಒಳಗಿನ ಚೀಟಿ ನೋಡು. ಒಳ್ಳೆಯದರಲ್ಲಿ ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್ ಅಂತ ಮೂರು ಸಂಖ್ಯೆ ಇರುತ್ತವೆ. ಎಕ್ಸ್‌ಟ್ರೀಮ್ ಅಂದರೆ ನಿದ್ದೆ ಅಲ್ಲ, ಜೀವ ಉಳಿಸಿಕೊಳ್ಳೋ ಮಾತು. ನೋಡಬೇಕಾದ್ದು ಕಂಫರ್ಟ್. ನಮ್ಮ ಈ ಕಡೆಗೆ ಕಂಫರ್ಟ್ 5 ಡಿಗ್ರಿ ಇದ್ದರೆ ಧಾರಾಳ ಆಯಿತು. ಪುಕ್ಕದ್ದು ಬೇಡ, ಇಬ್ಬನಿಗೆ ಒದ್ದೆಯಾದರೆ ಉಬ್ಬು ಹೋಗುತ್ತದೆ. ಸಿಂಥೆಟಿಕ್ ತಗೋ. ಹ್ಯಾಮಕ್‌ನೊಳಗೆ ಜಿಪ್ ಹಾಕಲು ಒದ್ದಾಡಬೇಡ, ಕಾಲು ಮಾತ್ರ ತೂರಿಸಿ ಉಳಿದದ್ದು ರಜಾಯಿ ಥರ ಹೊದ್ದುಕೋ.

ಕೌದಿ ವಿಷಯ. ಅಕ್ಕಾ, ಅವ್ವ ಹೊಲಿದ ಕೌದಿಯ ಮೇಲೆ ನನಗೂ ಪ್ರೀತಿ ಇದೆ. ಆದರೆ ಹತ್ತಿ ಬಟ್ಟೆ ಇಬ್ಬನಿ ಕುಡಿದು ಬೆಳಗಾಗುವಷ್ಟರಲ್ಲಿ ಹಸಿ ಹಸಿ ಆಗಿರುತ್ತದೆ, ತೂಕ ಬೇರೆ. ಅದು ಮನೆಯಲ್ಲೇ ಇರಲಿ. ಕಳಿಸಲೇಬೇಕು ಅಂದರೆ ಅಟ್ಟದ ಮೇಲಿನ ಕರಿ ಕಂಬಳಿ ಕಳಿಸು. ಉಣ್ಣೆ ಸ್ವಲ್ಪ ತೇವ ಆದರೂ ಬಿಸಿ ಬಿಡುವುದಿಲ್ಲ. ಭಾರ ಹೌದು, ಆದರೆ ಈ ಸಲ ಬಂಡೆಯ ಮೇಲೆ ಮ್ಯಾಟ್, ಅದರ ಮೇಲೆ ಕಂಬಳಿ ಅಂದರೆ ರಾಜಭೋಗ. ಹೊರುವವನು ನಿನ್ನ ಮಗ, ಅವನನ್ನೇ ಕೇಳು.

ಮೇಲೊಂದು ಟಾರ್ಪ್, ಅಂದರೆ ತಾಡಪತ್ರಿ ಥರದ ಹೊದಿಕೆ, ಕಟ್ಟಿಕೊಳ್ಳಿ, ಮಳೆ ಇಲ್ಲದಿದ್ದರೂ. ತೆರೆದ ಆಕಾಶದ ಕೆಳಗೆ ಮೈಶಾಖ ಮೇಲಕ್ಕೆ ಹೋಗುತ್ತದೆ, ಇಬ್ಬನಿ ಕೆಳಗಿಳಿಯುತ್ತದೆ. ಗಾಳಿ ಬರುವ ಬದಿ ನೆಲಕ್ಕೆ ಹತ್ತಿರ ಇಳಿಸಿ. ಅದನ್ನು ಸುತ್ತ ಮುಚ್ಚಿ ಒಳಗೆ ಸ್ಟವ್ ಹಚ್ಚುವ ಬುದ್ಧಿವಂತಿಕೆ ಮಾತ್ರ ಬೇಡ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ.

ಮಲಗುವ ಮುಂಚೆ ಬೆವರಿದ ಬನಿಯನ್, ಸಾಕ್ಸ್ ಎರಡೂ ಬದಲಾಯಿಸು. ಮಂಕಿ ಟೋಪಿ ಹಾಕ್ಕೋ, ಫೋಟೋ ತೆಗೆಯುವವರು ತೆಗೆಯಲಿ. ಗಟ್ಟಿ ಮುಚ್ಚಳದ ಬಾಟಲಿಗೆ ಬಿಸಿನೀರು ತುಂಬಿ ಸಾಕ್ಸ್‌ನೊಳಗೆ ಹಾಕಿ ತೊಡೆಗಳ ನಡುವೆ ಇಟ್ಟುಕೋ. ಒಂದು ಶೇಂಗಾ ಹೋಳಿಗೆ ತಿಂದು ಮಲಗು, ಎಣ್ಣೆಕಾಳು ನಿಧಾನಕ್ಕೆ ಕರಗಿ ರಾತ್ರಿಯೆಲ್ಲ ಒಲೆ ಉರಿಸುತ್ತದೆ. ಅಕ್ಕಾ, ಕಳಿಸುವುದಾದರೆ ಇದನ್ನು ಕಳಿಸು, ಎಷ್ಟಾದರೂ. ಮೂತ್ರ ಬಂದರೆ ತಡ್ಕೊಂಡು ಮಲಗಬೇಡ, ಎದ್ದು ಹೋಗಿ ಬಾ. ನಿದ್ದೆಯೇ ಬರಲ್ಲ, ಚಳಿ ಮಾತ್ರ ನೆನಪಾಗುತ್ತಿರುತ್ತದೆ.

ಗೋವಾಕ್ಕೂ ಇದನ್ನೇ ಒಯ್ಯಲಾ ಅಂತ ಕೇಳಿದ್ದೀಯ. ಅಲ್ಲಿ ಚಳಿಯ ಚಿಂತೆ ಇಲ್ಲ, ಸೊಳ್ಳೆಯದ್ದೇ. ತೆಳು ನೈಲಾನ್ ದಾಟಿ ಬೆನ್ನಿಗೇ ಕಚ್ಚುತ್ತವೆ. ಮ್ಯಾಟ್ ಅದಕ್ಕೂ ಆಗುತ್ತದೆ. ತೆಂಗಿನ ಮರಕ್ಕೆ ಕಟ್ಟಿದರೆ ತಲೆ ಮೇಲೆ ಕಾಯಿ ಇಲ್ಲ ಅಂತ ಖಾತ್ರಿ ಮಾಡಿಕೋ.

ಹೊರಡುವ ಮುಂಚೆ ಒಂದು ರಾತ್ರಿ ನಿಮ್ಮ ಸೊಸೈಟಿ ಗಾರ್ಡನ್‌ನಲ್ಲಿ ಕಟ್ಟಿ ಮಲಗಿ ನೋಡು, ವಾಚ್‌ಮನ್‌ಗೆ ಹೇಳಿ. ಅಜ್ಜಿ ಆಗಲೇ ಕೇಳುತ್ತಿದ್ದಾಳೆ, ಕೂಸಿನ ಜೋಲಿಯಲ್ಲಿ ಮಲಗೋಕೆ ಅಷ್ಟು ದೂರ ಹೋಗಬೇಕಾ ಅಂತ. ಅದಕ್ಕೆ ಉತ್ತರ ನೀನೇ ಕೊಡು. ಮ್ಯಾಟ್ ಕೊಳ್ಳಬೇಡ, ನನ್ನ ಹತ್ತಿರ ಒಂದು ಜಾಸ್ತಿ ಇದೆ. ಪಟ್ಟಿಯೂ ಇದೆ. ಈ ಭಾನುವಾರ ಸಿಂಹಗಡ ಎಕ್ಸ್‌ಪ್ರೆಸ್‌ಗೆ ನಿಮ್ಮ ಕಾಕಾ ಮುಂಬಯಿ ಕಡೆ ಬರುತ್ತಿದ್ದಾರೆ, ಕಲ್ಯಾಣದಲ್ಲಿ ಸ್ಟೇಷನ್ನಿಗೆ ಬಂದು ಇಸ್ಕೋ. ಬೋಗಿ ನಂಬರ್ ಆಮೇಲೆ ಹಾಕುತ್ತೇನೆ.