ಮಾಮೂಲಿ ಶಾಲೆಯೋ, ವಿಶೇಷ ಶಾಲೆಯೋ? ಅನುಭವ ಇದ್ದವರು ಹೇಳಿರಿ

ನವಲೂರಿನ ತಾಯಿ: ಮಗನಿಗೆ ಆರು ವರ್ಷ. ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬರುವುದಿಲ್ಲ), ವಾಕರ್ ಹಿಡಿದು ನಡೆಯುತ್ತಾನೆ. ಬುದ್ಧಿ ಚುರುಕು. ಜೂನ್‌ನಲ್ಲಿ ಒಂದನೇ ತರಗತಿ. ಓಣಿಯ ಸರ್ಕಾರಿ ಶಾಲೆಗೆ ಹಾಕಲೋ, ವಿಶೇಷ ಶಾಲೆಗೋ?

ಉಣಕಲ್ ಅಮ್ಮ: ಮಾಮೂಲಿ ಶಾಲೆಗೇ ಹಾಕಿರಿ ಅಕ್ಕಾರ. ನನ್ನ ಮಗಳಿಗೆ ಎರಡೂ ಕಿವಿ ಕೇಳುವುದಿಲ್ಲ. ಈಗ ಆರನೇ ತರಗತಿ. ಕಿವಿ ಮಷಿನ್‌ಗೆ 46 ಸಾವಿರ, ನನ್ನ ಪಾಟಲಿ ಹೋದವು. ಕಿವಿ ಬೆಳೆದ ಹಾಗೆ, ಮಷಿನ್‌ನ ಕಿವಿಯೊಳಗೆ ಕೂರುವ ಅಚ್ಚು ಸಡಿಲಾಗಿ ಮಷಿನ್ ಕುಂಯ್ ಅನ್ನುತ್ತದೆ, ಮಕ್ಕಳೆಲ್ಲ ತಿರುಗಿ ನೋಡುತ್ತಾರೆ. ಐದು ಸಲ ಅಚ್ಚು ಮಾಡಿಸಿದೆ. ಟೀಚರ್ ಬೋರ್ಡ್ ಕಡೆ ಮುಖ ಮಾಡಿ ಮಾತಾಡಿದರೆ ಅವಳಿಗೆ ಏನೂ ತಿಳಿಯದು, ತುಟಿ ಕಾಣಬೇಕು. ಅಷ್ಟನ್ನು ಅವರಿಗೆ ಒಪ್ಪಿಸಲು ಎರಡು ವರ್ಷ ಹಿಡಿಯಿತು. ಈಗ ಓಣಿಯ ಹುಡುಗಿಯರೆಲ್ಲ ಅವಳ ಗೆಳತಿಯರು.

ಗದಗಿನ ತಂದೆ: ಮಷಿನ್ ಹಾಕಿದರೆ ಕೇಳುವ ಮಗುವಿನ ಮಾತು ಬೇರೆ. ನನ್ನ ಮಗನಿಗೆ ಡೌನ್ ಸಿಂಡ್ರೋಮ್, ಹುಟ್ಟಿನಿಂದಲೇ ಕಲಿಕೆ ನಿಧಾನ. ಖಾಸಗಿ ಶಾಲೆಯವರು ವರ್ಷಕ್ಕೆ 24 ಸಾವಿರ ತಗೊಂಡು ಮೂರು ವರ್ಷ ಹಿಂದಿನ ಬೆಂಚಿನಲ್ಲಿ ಕೂರಿಸಿದರು. ಒಂದೇ ಆನೆಗೆ ಬಣ್ಣ ಹಚ್ಚಿ ಹಚ್ಚಿ ಹಾಳೆ ಹರಿದಿತ್ತು. ವಿಶೇಷ ಶಾಲೆಗೆ ಹಾಕಿದೆ. ಆಟೋಗೇ ತಿಂಗಳಿಗೆ 2,800. ಈಗ ಅಂಗಿ ಗುಂಡಿ ತಾನೇ ಹಾಕಿಕೊಳ್ಳುತ್ತಾನೆ, ಅಂಗಡಿಯಿಂದ ಸಕ್ಕರೆ ತಂದು ಚಿಲ್ಲರೆ ಎಣಿಸಿ ಕೊಡುತ್ತಾನೆ. ಎಲ್ಲರ ಜೊತೆ ಸುಮ್ನೆ ಕೂತರೆ ಕಲಿತಂತೆ ಅಲ್ಲ ರೀ.

ಉಣಕಲ್ ಅಮ್ಮ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 31ನೇ ಕಲಂ ಓದಿದ್ದೀರಾ? ಶೇ 40 ಅಥವಾ ಜಾಸ್ತಿ ಅಂಗವೈಕಲ್ಯ ಇದ್ದರೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣ. ಆಯ್ಕೆ ನಮ್ಮದು. ಮೂರು ವರ್ಷ ಆ ಶಾಲೆಯವರನ್ನು ಯಾಕೆ ಕೇಳಲಿಲ್ಲ?

ಗದಗಿನ ತಂದೆ: ಕೇಳಲಿಲ್ಲ ಅಂತ ಯಾರು ಹೇಳಿದರು? ಡ್ಯೂಟಿ ಬಿಟ್ಟು ಹನ್ನೊಂದು ಸಲ ಹೋಗಿದ್ದೇನೆ. ಹನ್ನೊಂದು ದಿನದ ಪಗಾರ ಹೋಗಿದೆ. ಕಲಂ ಹೇಳಬೇಡಿ ನನಗೆ.

ಹಾವೇರಿ ಅಪ್ಪ: ನನ್ನ ಮಗಳು ವೀಲ್‌ಚೇರ್‌ನಲ್ಲಿ ಹೋಗುತ್ತಾಳೆ. ಶಾಲೆಯಲ್ಲಿ ರ‍್ಯಾಂಪ್ ಇತ್ತು. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು, ಕಟ್ಟಿದ್ದು ಐದೇ ಅಡಿ. ವೀಲ್‌ಚೇರ್ 25 ಇಂಚು, ಶೌಚಾಲಯದ ಬಾಗಿಲು 24. ಆ ಒಂದು ಇಂಚಿಗಾಗಿ ಮಗಳು ಸಂಜೆವರೆಗೆ ನೀರು ಕುಡಿಯುತ್ತಿರಲಿಲ್ಲ. ಬಾಟಲಿ ತುಂಬಿದ್ದು ತುಂಬಿದ ಹಾಗೇ ವಾಪಸ್ ಬರುತ್ತಿತ್ತು. ಉರಿಮೂತ್ರವಾಗಿ ದವಾಖಾನೆ ಸೇರಿದಾಗಲೇ ನಮಗೆ ಗೊತ್ತಾಗಿದ್ದು. ಬಡಿಗನನ್ನು ಕರೆದುಕೊಂಡು ಹೋಗಿ, 3,200 ಕೊಟ್ಟು ನಾನೇ ಚೌಕಟ್ಟು ಬಿಚ್ಚಿಸಿ ಅಗಲ ಮಾಡಿಸಿದೆ.

ಉಣಕಲ್ ಅಮ್ಮ: ನೀವು ಯಾಕೆ ದುಡ್ಡು ಕೊಟ್ಟಿರಿ ಅಣ್ಣಾರ? ಎಸ್‌ಡಿಎಂಸಿ (ಪಾಲಕರೂ ಇರುವ ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಇಡಬೇಕಿತ್ತು. ನಾವು ಕೊಟ್ಟರೆ ಶಾಲೆಯವರು ಯಾವಾಗ ಮಾಡುತ್ತಾರೆ?

ಹಾವೇರಿ ಅಪ್ಪ: ಸಭೆ ಆಗುವವರೆಗೆ ಅವಳು ನೀರು ಕುಡಿಯದೆ ಇರಬೇಕಿತ್ತೇ?